ವಾರಂಟಿ ಇದ್ರೂ 14 ಸಾವಿರ ಬಿಲ್ಲಾ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ಕಾರು ಬೆಂಗ್ಳೂರಲ್ಲಿ ತಗೊಂಡಿದ್ದು, ಎರಡು ವರ್ಷ ನಾಲ್ಕು ತಿಂಗಳಾಯ್ತು, 31,000 ಕಿ.ಮೀ. ಓಡಿದೆ. 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ ಇದೆ, ಸರ್ವಿಸ್ ಎಲ್ಲಾ ಷೋರೂಮಲ್ಲೇ ಮಾಡ್ಸಿದೀವಿ. ಈಗ ಎಸಿ ಹಾಕಿದ್ರೆ ಬರೀ ಗಾಳಿ, ತಂಪೇ ಇಲ್ಲ. ಮೊದ್ಲು ಗ್ಯಾಸ್ ಕಮ್ಮಿಯಾಗಿದೆ ಅಂತ ತುಂಬ್ಸಿ ದುಡ್ಡು ತಗೊಂಡ್ರು, ತಿಂಗಳೊಳಗೆ ಮತ್ತೆ ಅದೇ ಕಥೆ. ಈಗ ಕಂಡೆನ್ಸರ್‌ಗೆ ಕಲ್ಲು ಹೊಡ್ದಿದೆ, ವಾರಂಟಿಗೆ ಬರಲ್ಲ, 14 ಸಾವಿರ ಆಗುತ್ತೆ ಅಂತಿದಾರೆ. ಎಲ್ಲಿ ಹೊಡ್ದಿದೆ ತೋರ್ಸಪ್ಪಾ ಅಂದ್ರೆ "ಮೇಡಂ, ಅದು ನಿಮಗೆ ಗೊತ್ತಾಗಲ್ಲ" ಅಂತಾನೆ ಅಲ್ಲಿನ ಹುಡುಗ. ಏನ್ ಮಾಡ್ಲಿ?

ಉತ್ತರ: ಗೊತ್ತಾಗದೇ ಇರೋಕೆ ಅದೇನು ಬ್ರಹ್ಮವಿದ್ಯೆ ಅಲ್ಲ ಮೇಡಂ. ಕಂಡೆನ್ಸರ್ ಅನ್ನೋದು ಮುಂದಿನ ಗ್ರಿಲ್ ಹಿಂದೆ, ರೇಡಿಯೇಟರ್‌ಗಿಂತ ಮುಂದೆ ಇರೋ ಸಣ್ಣ ಸಣ್ಣ ಅಲ್ಯುಮಿನಿಯಂ ಪಟ್ಟಿಗಳ ಜಾಲರಿ. ವರ್ಕ್‌ಶಾಪಲ್ಲಿ ಕಾರು ನಿಂತಿರೋ ಜಾಗಕ್ಕೆ ಹೋಗಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಎಸಿ ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲ್ ಕೂಡ ಓಡಾಡ್ತಿರುತ್ತೆ, ಹಾಗಾಗಿ ಎಲ್ಲಿ ಲೀಕ್ ಇದ್ಯೋ ಅಲ್ಲಿ ಸಾಮಾನ್ಯವಾಗಿ ಜಿಡ್ಡು ಕೂತು ಅದಕ್ಕೆ ಧೂಳು ಅಂಟಿ ಕಪ್ಪಗಾಗಿರುತ್ತೆ. ಕಲ್ಲೇ ಹೊಡ್ದಿದ್ರೆ ಆ ಜಿಡ್ಡಿನ ಜಾಗದಲ್ಲಿ ಪಟ್ಟಿ ಒಳಕ್ಕೆ ಬಾಗಿರ್ಬೇಕು, ಟ್ಯೂಬ್ ಮೇಲೆ ಏಟಿನ ಗುರುತು ಇರ್ಬೇಕು. ಅದು ಬಿಟ್ಟು ಜಿಡ್ಡು ಪೈಪ್ ಕೂಡೋ ಜಾಯಿಂಟ್ ಹತ್ರ ಇದ್ಯಾ, ಪಕ್ಕದ ಬೆಸುಗೆ ಹತ್ರ ಇದ್ಯಾ, ಏಟಿನ ಗುರುತೇ ಇಲ್ವಾ, ಹಾಗಾದ್ರೆ ಕಲ್ಲಿನ ಕಥೆ ನಂಬೋದು ಕಷ್ಟ. ಇಲ್ಲಿ ಒಂದು ಮಾತು, ಹೆದ್ದಾರಿಲಿ ಓಡಾಡಿದ ಕಾರಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ ಬಾಗೇ ಇರುತ್ತೆ, ಅದನ್ನ ತೋರ್ಸಿ "ನೋಡಿ ಕಲ್ಲು" ಅಂದ್ರೆ ಒಪ್ಕೋಬೇಡಿ, ಲೀಕ್ ಅಲ್ಲೇ ಇದೆ ಅಂತ ತೋರ್ಸೋಕೆ ಹೇಳಿ. ಕಣ್ಣಿಗೆ ಕಾಣ್ದಿದ್ರೆ ನೈಟ್ರೋಜನ್ ಪ್ರೆಷರ್ ಬಿಟ್ಟು ಸೋಪಿನ ನೀರು ಹಾಕಿದ್ರೆ ಗುಳ್ಳೆ ಬರುತ್ತೆ, ಇಲ್ಲಾಂದ್ರೆ ಗ್ಯಾಸ್ ಜೊತೆ ಹೊಳೆಯೋ ಬಣ್ಣ (ಡೈ) ಹಾಕಿ ಯುವಿ ಲೈಟಲ್ಲಿ ನೋಡ್ತಾರೆ. ಎಲ್ಲೂ ಸಿಗ್ಲಿಲ್ಲ ಅಂದ್ರೆ ಡ್ಯಾಶ್‌ಬೋರ್ಡ್ ಒಳಗಿರೋ ಕೂಲಿಂಗ್ ಕಾಯಿಲ್ ಮೇಲೆ ಅನುಮಾನ, ಅಲ್ಲಿಗೆ ಯಾವ ಕಲ್ಲೂ ಹೋಗಲ್ಲ. ಎಷ್ಟೋ ಕಾರಲ್ಲಿ ಅದನ್ನ ತೆಗೀಬೇಕಂದ್ರೆ ಡ್ಯಾಶ್‌ಬೋರ್ಡೇ ಬಿಚ್ಬೇಕು, ಗಂಟೆಗಟ್ಟಲೆ ಕೆಲ್ಸ, ಅದಕ್ಕೇ ಯಾರಿಗೂ ಆ ಕಡೆ ಮೊದ್ಲು ನೋಡೋ ಮನಸ್ಸಿರಲ್ಲ.

ಮೊದ್ಲು ಗ್ಯಾಸ್ ತುಂಬಿದ್ರಲ್ಲ, ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೆ. ಎಸಿ ಗ್ಯಾಸ್ ಪೆಟ್ರೋಲ್ ತರ ಉರ್ದು ಖಾಲಿಯಾಗೋ ಸಾಮಾನಲ್ಲ, ಎರಡು ವರ್ಷದ ಗಾಡಿಲಿ ತಂಪೇ ಬರದಷ್ಟು ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರಿದೆ. ಲೀಕ್ ಹುಡುಕ್ದೇ ತುಂಬ್ಸಿ ದುಡ್ಡು ತಗೊಂಡಿದ್ದು ಅವರ ತಪ್ಪು, ಆ ಬಿಲ್ಲು, ಜಾಬ್ ಕಾರ್ಡು (ಗಾಡಿ ಬಿಟ್ಟಾಗ ತೊಂದ್ರೆ ಬರೆದುಕೊಳ್ಳೋ ಚೀಟಿ) ಎರಡೂ ಜೋಪಾನವಾಗಿಡಿ. ಅವತ್ತೇ ನೀವು ಕಂಪ್ಲೇಂಟ್ ಕೊಟ್ಟಿದ್ರಿ ಅನ್ನೋದಕ್ಕೆ ಅದೇ ಸಾಕ್ಷಿ.

ನಾನೂ ಕೆಲವು ವರ್ಷ ಸರ್ವಿಸ್ ಸೆಂಟರ್ ಟೇಬಲ್‌ನ ಆ ಕಡೆ ಕೂತವನು, ಹಾಗಾಗಿ ಒಳಗಿನ ಲೆಕ್ಕ ಹೇಳ್ತೀನಿ. ವಾರಂಟಿ ಕೊಡೋದು ಡೀಲರ್ ಅಲ್ಲ, ಕಂಪನಿ. ಡೀಲರ್ ಮೊದ್ಲು ಪಾರ್ಟ್ ಹಾಕಿ, ಫೋಟೋ, ಹಳೇ ಪಾರ್ಟಿನ ವಿವರ ಎಲ್ಲಾ ಸೇರ್ಸಿ ಕಂಪನಿಗೆ ಕ್ಲೇಮ್ ಕಳಿಸ್ತಾನೆ, ಅವರು ರಿಜೆಕ್ಟ್ ಮಾಡಿದ್ರೆ ಆ ದುಡ್ಡು ಇವನ ಕೈಯಿಂದ ಹೋಗುತ್ತೆ. ಹೊಡ್ತ ಬೀಳೋದು ಬೇಡ ಅಂತ ಸ್ವಲ್ಪ ಅನುಮಾನ ಇದ್ರೂ "ಬರಲ್ಲ" ಅಂದುಬಿಡೋದು ಸುಲಭ, ಗಿರಾಕಿ ಬೈಕೊಂಡಾದ್ರೂ ಕಟ್ಟಿ ಹೋಗ್ತಾರೆ. ಅದಕ್ಕೇ ಆ ಹುಡುಗನ ಜೊತೆ ಜಗಳ ಆಡಿ ಉಪಯೋಗ ಇಲ್ಲ. ವರ್ಕ್ಸ್ ಮ್ಯಾನೇಜರ್‌ನ ಕೇಳಿ, "ವಾರಂಟಿ ಯಾಕೆ ಬರಲ್ಲ ಅಂತ ಜಾಬ್ ಕಾರ್ಡಲ್ಲಿ ಬರೆದು ಸೈನ್ ಹಾಕಿಕೊಡಿ, ಲೀಕ್ ಇರೋ ಜಾಗದ ಫೋಟೋ ಕೊಡಿ" ಅಷ್ಟೇ ಹೇಳಿ. ಬಾಯಲ್ಲಿ ಧೈರ್ಯವಾಗಿ ಹೇಳೋರು ಬರೆದುಕೊಡಿ ಅಂದ್ರೆ ಎಷ್ಟೋ ಸಲ ಮತ್ತೊಂದು ಸಲ ಚೆಕ್ ಮಾಡೋಣ ಅಂತಾರೆ. ಕೊಡದಿದ್ರೆ ಅವತ್ತೇ ಚಾಸಿ ನಂಬರ್, ಜಾಬ್ ಕಾರ್ಡ್ ನಂಬರ್ ಹಾಕಿ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ, ಏರಿಯಾ ಸರ್ವಿಸ್ ಮ್ಯಾನೇಜರ್ ಬಂದು ನೋಡ್ಲಿ ಅಂತ ಕೇಳಿ. ವಾಟ್ಸಾಪ್ ಕಾಲಲ್ಲಿ ಏನೇ ಮಾತಾಡಿದ್ರೂ ಆಮೇಲೆ ಒಂದು ಲೈನ್ ಮೆಸೇಜ್ ಹಾಕಿಡಿ. ಹಾಂ, ಗ್ಯಾಸ್ ತುಂಬಿದ ಮೇಲೆ ಹತ್ತಕ್ಕೆ ಹತ್ತು ಕೊಡಿ ಮೇಡಂ ಅಂತ ಫೀಡ್‌ಬ್ಯಾಕ್ ಕಾಲ್ ಬಂದಿರುತ್ತೆ ನೋಡಿ, ಆ ಮಾರ್ಕಿಗೆ ಅವರು ತುಂಬಾ ಹೆದರ್ತಾರೆ, ಮುಂದಿನ ಸಲ ಸುಮ್ನೆ ಕೊಡ್ಬೇಡಿ.

ಎಸಿ ಇಲ್ದೆ ಆಗಲ್ಲ ಅಂದ್ರೆ ದುಡ್ಡು ಕಟ್ಟಿ, ಆದ್ರೆ ಬಿಲ್ ಮೇಲೆ "ಒಪ್ಪಿಗೆ ಇಲ್ಲದೆ ಕಟ್ಟಿದ್ದೇನೆ" ಅಂತ ಬರೆದು ಸೈನ್ ಹಾಕಿ, ಹಳೇ ಕಂಡೆನ್ಸರ್ ಬಿಡ್ದೇ ಮನೆಗೆ ತಗೊಂಡ್ಬನ್ನಿ. ಆಮೇಲೆ 1915 ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್‌ಗೆ ಹೇಳಿ, ಅಲ್ಲೂ ಬಗೆಹರೀದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ಕಾರು ಬೆಂಗ್ಳೂರಲ್ಲಿ ತಗೊಂಡ್ರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರೋ ಹಾಸನದಲ್ಲೇ ದೂರು ಕೊಡಬಹುದು, ಡೀಲರ್, ಕಂಪನಿ ಇಬ್ಬರನ್ನೂ ಎದುರು ಪಾರ್ಟಿ ಮಾಡಿ. ಲಾಯರ್ ಇರ್ಲೇಬೇಕು ಅಂತಿಲ್ಲ, ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ರೆ ಫೀಸು 200 ರೂಪಾಯಿ, ಈ ತಕರಾರು ಶುರುವಾದ 2 ವರ್ಷದೊಳಗೆ ಹಾಕ್ಬೇಕು. 3 ತಿಂಗಳಲ್ಲಿ, ಪಾರ್ಟ್ ಟೆಸ್ಟ್ ಮಾಡಿಸೋದಿದ್ರೆ 5 ತಿಂಗಳಲ್ಲಿ ತೀರ್ಮಾನ ಆಗ್ಬೇಕು ಅಂತ ಕಾಯ್ದೆಲಿದೆ, ಅದನ್ನ ನಂಬ್ಕೊಂಡು ದಿನ ಎಣಿಸ್ಬೇಡಿ.

ನಿಜವಾಗ್ಲೂ ಕಲ್ಲೇ ಹೊಡ್ದಿದ್ರೆ ಮಾತ್ರ ವಾರಂಟಿ ಕೇಳೋದು ನ್ಯಾಯ ಅಲ್ಲ, ಅದು ಇನ್ಶೂರೆನ್ಸ್ ವಿಷ್ಯ. ಕ್ಲೇಮ್ ಮಾಡಿದ್ರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡ್ದೇ ಇದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ಹೋಗುತ್ತೆ, 14 ಸಾವಿರಕ್ಕೆ ಅದು ಗಿಟ್ಟುತ್ತಾ ಲೆಕ್ಕ ಹಾಕ್ಕೊಳ್ಳಿ.

ಪ್ರಶ್ನೆ: ಹೊರಗಡೆ ಮ್ಯೂಸಿಕ್ ಸಿಸ್ಟಂ ಹಾಕಿಸ್ದೆ. ಈಗ ಪವರ್ ವಿಂಡೋ ಕೆಟ್ಟಿದೆ, ಇಡೀ ಗಾಡಿ ವಾರಂಟಿನೇ ಹೋಯ್ತು ಅಂತಾರೆ. ಹೌದಾ? (ಶಿವಮೊಗ್ಗದ ಓದುಗರು)

ಉತ್ತರ: ಇಡೀ ಗಾಡಿದು ಹಾಗೆಲ್ಲ ಹೋಗಲ್ಲ, ಸ್ಪೀಕರ್ ಹಾಕಿಸಿದ್ದಕ್ಕೂ ಗೇರ್‌ಬಾಕ್ಸ್‌ಗೂ ಏನ್ ಸಂಬಂಧ? ಆದ್ರೆ ಡೋರ್ ಒಳಗಿನ ವೈರ್ ಕಟ್ ಮಾಡಿ ಟೇಪ್ ಸುತ್ತಿದ್ರೆ ವಿಂಡೋ ವಿಷ್ಯದಲ್ಲಿ ಅವರ ಮಾತಿಗೆ ಬೆಲೆ ಇದೆ. ಡೋರ್ ಪ್ಯಾಡ್ ನಿಮ್ಮೆದುರೇ ಬಿಚ್ಚೋಕೆ ಹೇಳಿ. ವೈರ್ ಕಟ್ ಮಾಡ್ದೇ ಕಪ್ಲರ್‌ಗೆ ಕಪ್ಲರ್ ಹಾಕಿದ್ದು, ಮೋಟಾರೇ ಸತ್ತಿದ್ದು ಅಂದ್ರೆ ನೀವು ಬಿಡ್ಬೇಡಿ.

ಪ್ರಶ್ನೆ: ಪಾರ್ಟ್ ಬಂದಿಲ್ಲ ಅಂತ ಮೂರು ವಾರದಿಂದ ಕಾರು ವರ್ಕ್‌ಶಾಪಲ್ಲೇ ಇದೆ, ಮುಂದಿನ ವಾರ ವಾರಂಟಿ ಮುಗಿಯುತ್ತೆ, ಭಯ ಆಗ್ತಿದೆ. (ಮೈಸೂರಿನ ಓದುಗರು)

ಉತ್ತರ: ಜಾಬ್ ಕಾರ್ಡ್ ತೆಗ್ದಿದ್ದು ವಾರಂಟಿ ಒಳಗಿದ್ರೆ ಈ ರಿಪೇರಿ ವಾರಂಟಿಯಲ್ಲೇ ಆಗ್ಬೇಕು, ಭಯ ಬೇಡ. ನೀವು ಹೇಳಿದ ತೊಂದ್ರೆ ಅದರಲ್ಲಿ ಸರಿಯಾಗಿ ಬರೆದಿದಾರಾ ನೋಡಿ, "ಜನರಲ್ ಚೆಕಪ್" ಅಂತ ಮಾತ್ರ ಇದ್ರೆ ಇವತ್ತೇ ಹೋಗಿ ತಿದ್ದಿಸಿ. ಪಾರ್ಟ್ ಆರ್ಡರ್ ನಂಬರ್, ಆರ್ಡರ್ ಮಾಡಿದ ತಾರೀಖು ಇಸ್ಕೊಳ್ಳಿ, ಪಾರ್ಟ್ ಬಂದಿಲ್ಲ ಅನ್ನೋರು ಕೆಲವ್ರು ಆರ್ಡರೇ ಹಾಕಿರಲ್ಲ.