ಅಂಗಡಿಯ ಕ್ಯಾಮೆರಾ ಮೊಬೈಲಿನಲ್ಲಿ ಕಾಣುತ್ತಿಲ್ಲ

ಪ್ರಶ್ನೆ: ಮಲ್ಪೆಯಲ್ಲಿರುವ ನಮ್ಮ ಅಂಗಡಿಯ ಕ್ಯಾಮೆರಾ ರೆಕಾರ್ಡರಿಗೆ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್ ವಿಳಾಸ) ಮಾತ್ರ ಗೊತ್ತು. ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ರೂಟರಿನಿಂದ ರೆಕಾರ್ಡರಿಗೆ ದಾಟಿಸುವ ಏರ್ಪಾಡು) ಮಾಡಿದರೂ ಹೊರಗಿನಿಂದ ಸಿಗುತ್ತಿಲ್ಲ. ರೂಟರಿನ ವ್ಯಾನ್ (ಹೊರಬದಿಯ) ವಿಳಾಸ 100.72ರಿಂದ ಶುರುವಾಗುತ್ತದೆ. ಏನು ಮಾಡಲಿ?
– ಓದುಗರು, ಉಡುಪಿ

ಉತ್ತರ: ಆ 100.72ರಲ್ಲೇ ಕಾರಣವಿದೆ. 100.64ರಿಂದ 100.127ರವರೆಗಿನವು ಇಂಟರ್ನೆಟ್ ಸೇವಾದಾರರ ಒಳಜಾಲದ ವಿಳಾಸಗಳು. ಹೊರಗೆ ಹಲವು ಗ್ರಾಹಕರಿಗೆ ಸೇರಿ ಒಂದೇ ಐಪಿವಿ4 ವಿಳಾಸ. ಹೊರಗಿನ ಕರೆ ಸೇವಾದಾರರಲ್ಲೇ ನಿಂತುಬಿಡುತ್ತದೆ, ನಿಮ್ಮ ರೂಟರನ್ನು ಎಷ್ಟು ತಿದ್ದಿದರೂ ಫಲವಿಲ್ಲ.

ರೂಟರಿನ ಸ್ಟೇಟಸ್ ಪುಟದಲ್ಲಿ 2ರಿಂದ ಶುರುವಾಗುವ ಐಪಿವಿ6 (ಹೊಸ ಬಗೆಯ) ವಿಳಾಸವಿದ್ದರೆ ದಾರಿಯಿದೆ. ಅಂಗಡಿಯಲ್ಲೊಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟು ಅದಕ್ಕೂ ಮೊಬೈಲಿಗೂ ವೈರ್‌ಗಾರ್ಡ್ (ಎರಡರ ನಡುವೆ ಗುಪ್ತ ಸುರಂಗ ಹೂಡುವ ತಂತ್ರಾಂಶ) ಹಾಕಿ. ಐಪಿವಿ6 ಫೈರ್‌ವಾಲಿನಲ್ಲಿ ಪೈಗೆ ಯುಡಿಪಿ 51820 (ವೈರ್‌ಗಾರ್ಡಿನ ಪೋರ್ಟ್) ಒಂದನ್ನೇ ತೆರೆಯಿರಿ. ಸುರಂಗದ ಹೊರಮೈ ಐಪಿವಿ6, ಒಳಗೆ ಹರಿಯುವುದು ಐಪಿವಿ4, ರೆಕಾರ್ಡರನ್ನು ಮುಟ್ಟಬೇಕಾಗಿಲ್ಲ. ಪೈಯಲ್ಲಿ ಮಾಸ್ಕರೇಡ್ (ಮೊಬೈಲಿನ ಕರೆಯನ್ನು ಪೈಯಿಂದಲೇ ಬಂದಂತೆ ತೋರಿಸುವುದು) ಮಾತ್ರ ಮರೆಯಬೇಡಿ, ಇಲ್ಲವಾದರೆ ರೆಕಾರ್ಡರಿಗೆ ಉತ್ತರ ಕಳಿಸುವ ದಾರಿ ತಿಳಿಯದು. ಮೊಬೈಲಿಗೂ ಐಪಿವಿ6 ಇರಬೇಕು.

ಲಾಗಿನ್ ಪುಟ ತೆರೆದುಕೊಂಡು ವಿಡಿಯೊ ಮಾತ್ರ ಕಪ್ಪಾಗಿ ನಿಂತರೆ ತಪ್ಪು ಎಂಟಿಯುವಿನದು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ). ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್ಟಿಗೂ 80 ಬೈಟ್ ಸೇರಿಸುತ್ತದೆ, ಐಪಿವಿ6ನಲ್ಲಿ ನಡುದಾರಿಯ ರೂಟರುಗಳು ದೊಡ್ಡ ಪ್ಯಾಕೆಟ್ ಒಡೆಯುವುದಿಲ್ಲ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಸಂಪರ್ಕದ ಎಂಟಿಯು 1492ರಲ್ಲಿ 80 ಕಳೆದು ವೈರ್‌ಗಾರ್ಡಿನಲ್ಲಿ 1412 ಇಡಿ. ಆಗಲೂ ನಿಂತರೆ 1280. ಪೈಯ ಐಪಿವಿ6 ವಿಳಾಸ ಬದಲಾಗುತ್ತಿದ್ದರೆ ಡೈನಾಮಿಕ್ ಡಿಎನ್‌ಎಸ್ (ಬದಲಾಗುವ ವಿಳಾಸವನ್ನು ಹಿಂಬಾಲಿಸುವ) ಹೆಸರು ಬಳಸಿ.