ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನೊಳಗೆ ಯಾಕೆ ಬಿದ್ದುಹೋಗುವುದಿಲ್ಲ?

ಪ್ರಶ್ನೆ: ನ್ಯೂಕ್ಲಿಯಸ್ಸಿಗೆ ಧನ ಆವೇಶ, ಎಲೆಕ್ಟ್ರಾನಿಗೆ ಋಣ ಆವೇಶ. ಒಂದನ್ನೊಂದು ಸೆಳೆಯುತ್ತವೆ. ಹಾಗಿದ್ದ ಮೇಲೆ ಎಲೆಕ್ಟ್ರಾನ್ ಒಳಗೆ ಬೀಳಬೇಕಲ್ವಾ? ಗ್ರಹಗಳ ಹಾಗೆ ಸುತ್ತುತ್ತಿರುವುದರಿಂದ ಬೀಳುವುದಿಲ್ಲ ಎಂದು ಒಂದು ಪುಸ್ತಕದಲ್ಲಿದೆ, ಅದು ಸುತ್ತುವುದೇ ಇಲ್ಲ ಎಂದು ಇನ್ನೊಂದರಲ್ಲಿದೆ. ಯಾವುದನ್ನು ನಂಬಲಿ?

ಉತ್ತರ: ಎರಡನೆಯದನ್ನು. ಆದರೆ ಮೊದಲನೆಯದನ್ನು ಸುಮ್ನೆ ತಳ್ಳಿಹಾಕಬೇಡಿ, ಅದರಿಂದ ಕಲಿಯುವುದು ಜಾಸ್ತಿ ಇದೆ.

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ತೆಳುವಾದ ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು (ಧನ ಆವೇಶವಿರುವ, ಎಲೆಕ್ಟ್ರಾನಿಗಿಂತ ತುಂಬಾ ಭಾರವಾದ ಕಣಗಳು) ಬಿಟ್ಟರು. ಬಹುಪಾಲು ಕಣಗಳು ಹಾದುಹೋದವು, ಎಲ್ಲೋ ಕೆಲವು ಮಾತ್ರ ಹಿಂದಕ್ಕೆ ಚಿಮ್ಮಿದವು. ಥಾಮ್ಸನ್ 1904ರಲ್ಲಿ ಹೇಳಿದ್ದಂತೆ ಧನ ಆವೇಶ ಪರಮಾಣುವಿನ ತುಂಬಾ ಹರಡಿಕೊಂಡಿದ್ದರೆ ಹೀಗಾಗುವ ಹಾಗೇ ಇಲ್ಲ. ಅದಕ್ಕೇ ರದರ್‌ಫೋರ್ಡ್ 1911ರಲ್ಲಿ ಆವೇಶವನ್ನೂ ಹೆಚ್ಚುಕಡಿಮೆ ಎಲ್ಲ ತೂಕವನ್ನೂ ನಡುವಿನ ಪುಟ್ಟ ಜಾಗಕ್ಕೆ ತಂದಿಟ್ಟರು. ಆ ಜಾಗವೇ ನ್ಯೂಕ್ಲಿಯಸ್.

ನಿಮ್ಮ ಪ್ರಶ್ನೆ ಹುಟ್ಟುವುದೇ ಇಲ್ಲಿ. ಸುತ್ತುವ ಗ್ರಹಕ್ಕೆ ಆವೇಶ ಇಲ್ಲ, ಎಲೆಕ್ಟ್ರಾನಿಗೆ ಇದೆ. ಆವೇಶ ಇರುವ ಕಣ ದಿಕ್ಕು ಬದಲಿಸುತ್ತಾ ಓಡಿದರೆ ಬೆಳಕಿನ ರೂಪದಲ್ಲಿ ಶಕ್ತಿ ಚೆಲ್ಲುತ್ತಲೇ ಇರಬೇಕು ಅನ್ನುವುದು ಆಗಿನ ಭೌತಶಾಸ್ತ್ರದ ಗಟ್ಟಿ ನಿಯಮ, ಆ ಲೆಕ್ಕದಲ್ಲಿ ಹೈಡ್ರೋಜನ್ನಿನ ಎಲೆಕ್ಟ್ರಾನ್ ಸೆಕೆಂಡಿನ ಹತ್ತು ಸಾವಿರ ಕೋಟಿಯ ಒಂದು ಪಾಲಿನ ಆಸುಪಾಸಿನಲ್ಲೇ ಸುರುಳಿ ಸುತ್ತಿ ಒಳಗೆ ಬಿದ್ದುಬಿಡುತ್ತದೆ. ಅಂದರೆ ಗ್ರಹದ ಹೋಲಿಕೆ ನಿಮ್ಮ ಪ್ರಶ್ನೆಗೆ ಉತ್ತರವೇ ಅಲ್ಲ.

1913ರಲ್ಲಿ ಡೆನ್ಮಾರ್ಕಿನ ಭೌತವಿಜ್ಞಾನಿ ಬೋರ್ ಒಂದು ಧೈರ್ಯದ ಕೆಲಸ ಮಾಡಿದರು. ಕೆಲವೇ ಕಕ್ಷೆಗಳಿಗೆ ಅನುಮತಿ, ಅಲ್ಲಿರುವಾಗ ಎಲೆಕ್ಟ್ರಾನ್ ಬೆಳಕು ಚೆಲ್ಲುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾರಿದಾಗ ಮಾತ್ರ ಚೆಲ್ಲುತ್ತದೆ ಎಂದರು. ಯಾಕೆ ಹೀಗೆ? ಕಾರಣ ಅವರ ಬಳಿಯೂ ಇರಲಿಲ್ಲ. ಆದರೂ ಜನ ಕಿವಿಗೊಟ್ಟಿದ್ದು ಲೆಕ್ಕ ಹೊಂದಿಕೊಂಡಿದ್ದರಿಂದ. ನೀವೇ ಮಾಡಿ ನೋಡಿ. ಹೈಡ್ರೋಜನ್ನಿನ ಮೊದಲ ಮಟ್ಟದ, ಅಂದರೆ ಮೊದಲ ಕಕ್ಷೆಯ, ಶಕ್ತಿ −13.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣುವಿನ ಮಟ್ಟದಲ್ಲಿ ಶಕ್ತಿ ಅಳೆಯುವ ಪುಟ್ಟ ಮಾನ). ಎರಡನೆಯದಕ್ಕೆ ಅದನ್ನು 4ರಿಂದ ಭಾಗಿಸಿ: −3.4. ಮೂರನೆಯದಕ್ಕೆ 9ರಿಂದ: −1.51. ಮೂರರಿಂದ ಎರಡಕ್ಕೆ ಇಳಿದರೆ ಹೊರಬರುವುದು 1.89. ಅಷ್ಟು ಶಕ್ತಿಯ ಬೆಳಕಿನ ತರಂಗಾಂತರ ಸುಮಾರು 656 ನ್ಯಾನೋಮೀಟರ್, ಹೈಡ್ರೋಜನ್ ರೋಹಿತದಲ್ಲಿ (ಅದು ಸೂಸುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ) ಕಾಣುವ ಕೆಂಪು ಗೆರೆ ಇದೇ! ಬಾಮರ್ ಈ ಗೆರೆಗಳಿಗೆ 1885ರಲ್ಲೇ ಸೂತ್ರ ಕಟ್ಟಿದ್ದರು, ಅದು ಎಲ್ಲಿಂದ ಬಂತು ಎಂದು ತೋರಿಸಲು ಮೂವತ್ತು ವರ್ಷದ ಹತ್ತಿರ ಬೇಕಾಯಿತು. ನನ್ನನ್ನು ಕೇಳಿದರೆ ಬೋರ್ ಪಾಠದಲ್ಲಿ ಮಕ್ಕಳಿಂದ ವೃತ್ತ ಬರೆಸುವ ಬದಲು ಈ ಲೆಕ್ಕ ಮಾಡಿಸಬೇಕು.

ಎರಡು ಎಲೆಕ್ಟ್ರಾನ್ ಇರುವ ಹೀಲಿಯಂಗೆ ಬಂದರೆ ಬೋರ್ ಲೆಕ್ಕ ಕೈಕೊಡುತ್ತದೆ. ನಿಜವಾದ ಕಾರಣ ಸಿಕ್ಕಿದ್ದು ಎಲೆಕ್ಟ್ರಾನಿಗೆ ತರಂಗದ ಗುಣವೂ ಇದೆ ಎಂದು ಡಿಬ್ರಾಯ್ 1924ರಲ್ಲಿ ಹೇಳಿ, 1926ರಲ್ಲಿ ಶ್ರೋಡಿಂಗರ್ ಅದಕ್ಕೆ ಸಮೀಕರಣ ಕೊಟ್ಟ ಮೇಲೆ. ತರಂಗವನ್ನು ಚಿಕ್ಕ ಜಾಗಕ್ಕೆ ಒತ್ತಿದಷ್ಟೂ ಅದರ ಚಲನಶಕ್ತಿ ಏರುತ್ತದೆ. ಜಾಗವನ್ನು ಅರ್ಧಕ್ಕಿಳಿಸಿದರೆ ಸೆಳೆತದಿಂದ ಸಿಗುವ ಲಾಭ ಎರಡು ಪಟ್ಟು, ಚಲನಶಕ್ತಿಯ ಖರ್ಚು ನಾಲ್ಕು ಪಟ್ಟು. ಒಂದು ಹಂತ ದಾಟಿದ ಮೇಲೆ ಇನ್ನೂ ಕುಗ್ಗುವುದು ಗಿಟ್ಟುವುದಿಲ್ಲ. ಹೈಡ್ರೋಜನ್ನಿನಲ್ಲಿ ಆ ಹಂತ ಬರುವುದು ಸುಮಾರು 0.53 ಆಂಗ್‌ಸ್ಟ್ರಾಂನಲ್ಲಿ (ಒಂದು ಆಂಗ್‌ಸ್ಟ್ರಾಂ ಅಂದರೆ ನ್ಯಾನೋಮೀಟರಿನ ಹತ್ತನೇ ಒಂದು ಪಾಲು), ಬೋರ್ ಕೊಟ್ಟ ಮೊದಲ ಕಕ್ಷೆಯ ತ್ರಿಜ್ಯವೂ ಅಷ್ಟೇ. ಆದರೆ ಅಲ್ಲಿ ಎಲೆಕ್ಟ್ರಾನ್ ಸುತ್ತುತ್ತಿಲ್ಲ, ಆ ಸ್ಥಿತಿಯಲ್ಲಿ ಅದರ ಕಕ್ಷೀಯ ಕೋನೀಯ ಸಂವೇಗ, ಅಂದರೆ ಸುತ್ತುವಿಕೆಯ ಅಳತೆ, ಸೊನ್ನೆ.

ಇನ್ನೊಂದು ಮಾತು. 'ಎಂದಿಗೂ ಬೀಳುವುದಿಲ್ಲ' ಅನ್ನುವುದೂ ಪೂರ್ತಿ ಸರಿಯಲ್ಲ. ಎಲೆಕ್ಟ್ರಾನಿನ ತರಂಗ ನ್ಯೂಕ್ಲಿಯಸ್ಸಿನ ಜಾಗದಲ್ಲೂ ಸ್ವಲ್ಪ ಇರುತ್ತದೆ. ಬೆರಿಲಿಯಂ-7ರ ನ್ಯೂಕ್ಲಿಯಸ್ ತನ್ನದೇ ಎಲೆಕ್ಟ್ರಾನನ್ನು ಹಿಡಿದು ನುಂಗಿ ಲಿಥಿಯಂ-7 ಆಗುತ್ತದೆ, ಅದರ ಅರ್ಧಾಯು, ಅಂದರೆ ಅರ್ಧದಷ್ಟು ಪರಮಾಣುಗಳು ಹೀಗೆ ಬದಲಾಗಲು ಹಿಡಿಯುವ ಕಾಲ, ಸುಮಾರು 53 ದಿನ. ಹೈಡ್ರೋಜನ್ನಿನಲ್ಲಿ ಹೀಗಾಗುವುದಿಲ್ಲ, ಯಾಕೆಂದರೆ ಅದರ ನ್ಯೂಕ್ಲಿಯಸ್ಸಾದ ಒಂಟಿ ಪ್ರೋಟಾನ್ ಎಲೆಕ್ಟ್ರಾನನ್ನು ನುಂಗಿ ನ್ಯೂಟ್ರಾನ್ ಆಗಲು ಹೊರಗಿನಿಂದ 7.8 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು.