ಟ್ರೌಟನ್ ನಿಯಮ ಎಲ್ಲಿ ತಪ್ಪುತ್ತದೋ ಅಲ್ಲಿ ನಿಲ್ಲಿ

ನಮಸ್ಕಾರ,

ಶುದ್ಧ ದ್ರವಗಳ ಆವೀಕರಣ ಶಾಖವನ್ನು, ಅಂದರೆ ಅವನ್ನು ಆವಿಯಾಗಿಸಲು ಬೇಕಾದ ಶಾಖವನ್ನು, ಅಂದಾಜು ಮಾಡುವುದು ಹೇಗೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ವಿಷಯ ತುಂಬ ಚೆನ್ನಾಗಿದೆ.

ಕುದಿಯುವ ಬಿಂದುವನ್ನು ಕೆಲ್ವಿನ್‌ನಲ್ಲಿ ತೆಗೆದುಕೊಂಡು 88ರಿಂದ ಗುಣಿಸಿ, ಒಂದು ಮೋಲ್‌ಗೆ ಎಷ್ಟು ಜೌಲ್ ಬೇಕೆಂದು ಗೊತ್ತಾಗುತ್ತದೆ ಎಂದು ಟ್ರೌಟನ್ ನಿಯಮವನ್ನು ವಿವರಿಸಿದ್ದೀರಿ. ಸರಿ. ಆದರೆ ಉದಾಹರಣೆಗೆ ನೀರನ್ನೇ ತೆಗೆದುಕೊಂಡಿದ್ದೀರಿ! 32.8 ಕಿಲೋಜೌಲ್ ಎಂದು ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಅಳೆದು ನೋಡಿದರೆ ಬರುವುದು 40.7. ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಓದುಗರು ಪುಸ್ತಕ ತೆರೆದು ನೋಡುತ್ತಾರೆ, ಅಲ್ವಾ?

ಮೊದಲು ಬೆಂಜೀನ್ ಕೊಡಿ. ಅದು 353 ಕೆಲ್ವಿನ್‌ನಲ್ಲಿ ಕುದಿಯುತ್ತದೆ. ಲೆಕ್ಕ 31.1 ಎನ್ನುತ್ತದೆ, ಅಳತೆ 30.7. ಓದುಗರಿಗೆ ನಿಯಮದ ಮೇಲೆ ನಂಬಿಕೆ ಬರಲಿ. ಆಮೇಲೆ ನೀರನ್ನು ತನ್ನಿ. ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡ ಅಣುಗಳನ್ನು ಬಿಡಿಸಲು ಜಾಸ್ತಿ ಶಾಖ ಬೇಕು ಎಂದು ಹೇಳಿ. ಅದರ ಬೆನ್ನಿಗೇ ಅಸಿಟಿಕ್ ಆಮ್ಲ ಬರಲಿ. ಅಲ್ಲೂ ಹೈಡ್ರೋಜನ್ ಬಂಧ ಇದೆ, ಹಾಗಾಗಿ ಇಲ್ಲೂ ಜಾಸ್ತಿ ಇರಬೇಕು ಅನ್ನಿಸುತ್ತದೆ. ಆದರೆ ಲೆಕ್ಕ 34.4, ಅಳತೆ ಸುಮಾರು 24! ಯಾಕೆಂದರೆ ಅದರ ಅಣುಗಳು ಆವಿಯಾದ ಮೇಲೂ ಬಹುಪಾಲು ಜೋಡಿಜೋಡಿಯಾಗಿಯೇ ಇರುತ್ತವೆ. ಎಲ್ಲ ಬಂಧಗಳನ್ನೂ ಕಡಿಯಬೇಕಾಗಿಲ್ಲ. ನಿಮ್ಮ ಲೇಖನದ ಜೀವ ಇಲ್ಲಿದೆ. ನೀವು ಇದನ್ನು ಒಂದು ಸಾಲಿನಲ್ಲೂ ಹೇಳಿಲ್ಲ.

ಇನ್ನೊಂದು ದೊಡ್ಡ ಕೊರತೆ ಇದೆ. ಎಲ್ಲೂ ತಾಪಮಾನವನ್ನೇ ಬರೆದಿಲ್ಲ. ನೀರಿಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 44 ಕಿಲೋಜೌಲ್ ಬೇಕು, 100ರಲ್ಲಿ 40.7. ಬಿಸಿ ಏರಿದಂತೆ ಇದು ಇಳಿಯುತ್ತಾ 374 ಡಿಗ್ರಿಯ ಕ್ರಿಟಿಕಲ್ ಬಿಂದುವಿನಲ್ಲಿ ಸೊನ್ನೆಯಾಗುತ್ತದೆ. ಅಲ್ಲಿ ದ್ರವಕ್ಕೂ ಆವಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಈ ಇಳಿತವನ್ನು ಹಿಡಿಯುವುದೇ ವ್ಯಾಟ್ಸನ್ ಸೂತ್ರದ ಕೆಲಸ. ಅದರಲ್ಲಿರುವ 0.38 ಎಂಬ ಘಾತವನ್ನು ಸಿದ್ಧಾಂತದಿಂದ ಬಂದದ್ದು ಎಂಬಂತೆ ಬರೆದಿದ್ದೀರಿ. ಹಾಗಲ್ಲ, ಅದು ಅಳತೆಗಳಿಗೆ ಹೊಂದಿಸಿ ತೆಗೆದ ಸಂಖ್ಯೆ. ಹಾಗೆಂದೇ ಹೇಳಿ.

ತಾಪಮಾನದ ಜೊತೆ ಆವಿಯ ಒತ್ತಡ ಏರುವ ರೀತಿಯಿಂದ ಆವೀಕರಣ ಶಾಖವನ್ನು ಕೊಡುವುದು ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣ. ಅದನ್ನು ಹಂತಹಂತವಾಗಿ ಸಾಧಿಸಿ ತೋರಿಸುವ ಉದ್ದನೆಯ ಭಾಗವನ್ನು ತೆಗೆದುಹಾಕಿ. ಬದಲಿಗೆ ಅದರಿಂದ ಒಂದು ಲೆಕ್ಕ ಮಾಡಿ ತೋರಿಸಿ. ನೀರಿನ ಆವಿಯ ಒತ್ತಡ 90 ಡಿಗ್ರಿಯಲ್ಲಿ 526 ಮಿಲಿಮೀಟರ್ ಪಾದರಸ, 100ರಲ್ಲಿ 760. ಇವೆರಡರಿಂದಲೇ 41.5 ಕಿಲೋಜೌಲ್ ಸಿಗುತ್ತದೆ. ಟ್ರೌಟನ್‌ಗಿಂತ ಎಷ್ಟು ಹತ್ತಿರ ನೋಡಿ!

ತಿದ್ದಿದ ಪ್ರತಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ತಾಪಮಾನ ಇರಲಿ. ಬಂದ ಕೂಡಲೇ ಓದುತ್ತೇನೆ.

ಸಂಪಾದಕ